ಮೈದಾನದಂಚಿನಲ್ಲಿ ನಿಂತವರ ವಿದ್ಯೆ

2023ನೆಯ ಇಸವಿ, ಜನವರಿ 2ನೆಯ ತಾರೀಖು, ಸೋಮವಾರ ರಾತ್ರಿ. ಅಮೆರಿಕ ಸಂಯುಕ್ತ ಸಂಸ್ಥಾನದ ಸಿನ್ಸಿನಾಟಿ ನಗರದ ಕ್ರೀಡಾಂಗಣ ಜನರಿಂದ ಕಿಕ್ಕಿರಿದಿತ್ತು. ಬಫಲೊ ನಗರದ ‘ಬಿಲ್ಸ್’ ತಂಡಕ್ಕೂ ಸಿನ್ಸಿನಾಟಿಯ ‘ಬೆಂಗಾಲ್ಸ್’ ತಂಡಕ್ಕೂ ಅಮೆರಿಕದ ರೀತಿಯ ಫುಟ್‌ಬಾಲ್ ಪಂದ್ಯ. ಕಾಲಿಗಿಂತ ಕೈಗೂ ಭುಜಕ್ಕೂ ಹೆಚ್ಚು ಕೆಲಸವಿರುವ ಆಟವದು. ಪಂದ್ಯದ ಮೊದಲ ಕಾಲುಭಾಗ ಇನ್ನೂ ಮುಗಿದಿರಲಿಲ್ಲ. ಬಫಲೊ ತಂಡದ ಡಮಾರ್ ಹ್ಯಾಮ್ಲಿನ್ ಎಂಬ 24 ವರ್ಷದ ಆಟಗಾರ ಎದುರಾಳಿಯನ್ನು ಅಡ್ಡಗಟ್ಟಿ ಕೆಡವಿದ, ಎದ್ದು ನಿಂತ, ಮರುಕ್ಷಣವೇ ಹಿಮ್ಮುಖನಾಗಿ ನೆಲಕ್ಕುರುಳಿದ. ಎದೆಗೆ ತಾಗಿದ ಪೆಟ್ಟಿನಿಂದ ಅವನ ಹೃದಯದ ಬಡಿತವೇ ನಿಂತುಹೋಗಿತ್ತು.

ಲಕ್ಷಾಂತರ ಜನ ದೂರದರ್ಶನದ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದಾಗ ಮೈದಾನದ ಅಂಚಿನಿಂದ ಕೆಲವರು ಓಡಿಬಂದರು. ಅವರಲ್ಲಿ ಡೆನ್ನಿ ಕೆಲ್ಲಿಂಗ್ಟನ್ ಎಂಬವರು ಬಿದ್ದವನ ಪಕ್ಕದಲ್ಲಿ ಮಂಡಿಯೂರಿ ಅವನ ಎದೆಯನ್ನು ಲಯಬದ್ಧವಾಗಿ ಒತ್ತತೊಡಗಿದರು. ಹೃದಯಕ್ಕೆ ವಿದ್ಯುದಾಘಾತ ನೀಡುವ ಯಂತ್ರವೂ ಬಂದಿತು. ಸಹ ಆಟಗಾರರು ಸುತ್ತ ನಿಂತು ಕಣ್ಣೀರು ಸುರಿಸುತ್ತಿದ್ದರು. ಹ್ಯಾಮ್ಲಿನ್ ಬದುಕಿದ. ಬದುಕಿದ್ದಷ್ಟೇ ಅಲ್ಲ, ಅದೇ ವರ್ಷದ ಕೊನೆಯೊಳಗೆ ಮತ್ತೆ ಮೈದಾನಕ್ಕಿಳಿದು ಆಡಿದ.

ಎದೆ ಒತ್ತಿದ ಕೆಲ್ಲಿಂಗ್ಟನ್ ವೈದ್ಯರಲ್ಲ, ದಾದಿಯಲ್ಲ. ಆಟ ಕಲಿಸುವ ತರಬೇತುದಾರರೂ ಅಲ್ಲ. ಅವರ ಹುದ್ದೆಗೆ ಅಮೆರಿಕದಲ್ಲಿ ‘ಅಥ್ಲೆಟಿಕ್ ಟ್ರೈನರ್’ ಎಂದು ಹೆಸರು. ಆ ಹುದ್ದೆಗೆ ಹೋಗುವ ವಿದ್ಯಾಮಾರ್ಗ ಯಾವುದು, ನಮ್ಮ ನಾಡಿನ ತರುಣರು ಆ ದಾರಿಯನ್ನು ಹಿಡಿಯಹೊರಟರೆ ಎಲ್ಲಿ ಎಡವುವ ಸಂಭವವುಂಟು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹೆಸರಿನ ತೊಡಕು

‘ಟ್ರೈನರ್’ ಎಂದೊಡನೆ ನಮಗೆ ನೆನಪಾಗುವುದು ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಗುಂಡು ಎತ್ತಿಸುವ ವ್ಯಕ್ತಿ. ಅಮೆರಿಕದಲ್ಲಿಯೂ ಈ ಗೊಂದಲ ಇಲ್ಲದಿಲ್ಲ. ಆದರೆ ಅಥ್ಲೆಟಿಕ್ ಟ್ರೈನರ್ ಮಾಡುವ ಕೆಲಸವೇ ಬೇರೆ. ಪೆಟ್ಟಾಗದಂತೆ ಮುಂಜಾಗ್ರತೆ ವಹಿಸುವುದು, ಪೆಟ್ಟಾದೊಡನೆ ತುರ್ತು ಉಪಚಾರ ಮಾಡುವುದು, ಅದು ಉಳುಕೋ ಮುರಿತವೋ ಎಂದು ಪರೀಕ್ಷಿಸಿ ನಿರ್ಣಯಿಸುವುದು, ವೈದ್ಯರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನಡೆಸಿ ಆಟಗಾರನನ್ನು ಮತ್ತೆ ಆಟಕ್ಕೆ ಅಣಿಗೊಳಿಸುವುದು, ಇವು ಅವರ ಹೊಣೆ. ನಮ್ಮ ಕ್ರಿಕೆಟ್ ಪಂದ್ಯಗಳಲ್ಲಿ ಚೀಲ ಹಿಡಿದು ಓಡಿಬರುವ ‘ಫಿಸಿಯೊ’ ಅವರಿಗೆ ಹತ್ತಿರದ ಬಂಧು. ಆದರೆ ಅಮೆರಿಕದಲ್ಲಿ ಫಿಸಿಯೊಥೆರಪಿ ಬೇರೆಯದೇ ಶಾಸ್ತ್ರ, ಅದಕ್ಕೆ ಬೇರೆಯದೇ ಪದವಿ, ಬೇರೆಯದೇ ಪರವಾನಗಿ.

ನಮ್ಮ ಹಳೆಯ ಗರಡಿಮನೆಗಳನ್ನು ನೆನೆಯಿರಿ. ಪಟ್ಟು ಹೇಳಿಕೊಟ್ಟ ಉಸ್ತಾದರೇ ಹುಡುಗನ ಭುಜ ಉಳುಕಿದರೆ ಎಣ್ಣೆ ತಿಕ್ಕಿ ಕಟ್ಟು ಕಟ್ಟುತ್ತಿದ್ದರು. ಗೆಲ್ಲಿಸಬೇಕೆಂಬ ಹಟವೂ ಕಾಪಾಡಬೇಕೆಂಬ ಮರುಕವೂ ಒಬ್ಬನ ಎದೆಯಲ್ಲೇ ಇರಬೇಕಾಗಿತ್ತು. ಅಮೆರಿಕದವರು ಇವೆರಡನ್ನು ಬೇರ್ಪಡಿಸಿದ್ದಾರೆ. ‘ಆಡು’ ಎನ್ನುವವರು ಕೋಚ್. ‘ಇಂದು ಆಡಕೂಡದು’ ಎನ್ನುವ ಧೈರ್ಯವಿರಬೇಕಾದವರು ಅಥ್ಲೆಟಿಕ್ ಟ್ರೈನರ್. ಆ ಮಾತಿಗೆ ಬೆಲೆ ಬರಬೇಕಾದರೆ ಅದರ ಹಿಂದೆ ವಿದ್ಯೆಯಿರಬೇಕಷ್ಟೆ.

ಮೇಜಿನ ಮೇಲಿನ ಎರಡು ಕಾಗದ

ಈ ವಿಷಯ ನನ್ನ ಗಮನಕ್ಕೆ ಬಂದುದು ಪುಸ್ತಕದಿಂದಲ್ಲ. ಪಿ.ಯು. ತರಗತಿಯಲ್ಲಿ ನನ್ನಿಂದ ಕನ್ನಡ ಪಾಠ ಕೇಳಿದ ಹುಡುಗನೊಬ್ಬ ಒಂದು ಸಂಜೆ ತಂದೆಯೊಡನೆ ಮನೆಗೆ ಬಂದ. ಕಾಲೇಜಿನ ಕಬಡ್ಡಿ ತಂಡದಲ್ಲಿ ಹೆಸರು ಮಾಡಿದ್ದವನು. ಮಂಡಿಗೆ ಪೆಟ್ಟಾಗಿ ಆಟ ಬಿಟ್ಟವನು. ಆ ನೋವೇ ಅವನನ್ನು ಫಿಸಿಯೊಥೆರಪಿ ಓದುವಂತೆ ಮಾಡಿತ್ತು. ಬಿ.ಪಿ.ಟಿ. ಮುಗಿಸಿ, ಈಗ ಅಮೆರಿಕಕ್ಕೆ ಹೋಗಿ ಅಥ್ಲೆಟಿಕ್ ಟ್ರೈನರ್ ಆಗಬೇಕೆಂಬ ಹಂಬಲ. ಪ್ರವೇಶ ಕೊಡಲೊಪ್ಪಿದ ವಿಶ್ವವಿದ್ಯಾಲಯದ ಕಾಗದವೂ, ಬ್ಯಾಂಕಿನ ಸಾಲದ ಅರ್ಜಿಯೂ ಅವನ ಕೈಯಲ್ಲಿದ್ದವು. ಸಾಲಕ್ಕೆ ಆಧಾರ ಮಲೆನಾಡಿನಲ್ಲಿದ್ದ ಎರಡೆಕರೆ ಅಡಿಕೆ ತೋಟ. ಅರ್ಜಿಯ ಜೊತೆಗಿಡಲು ನನ್ನಿಂದ ಒಂದು ಶಿಫಾರಸು ಪತ್ರ ಬೇಕಿತ್ತು.

ಕಾಗದವನ್ನೋದಿದೆ. ಅದು ‘ಕ್ರೀಡಾ ವಿಜ್ಞಾನ’ದ ಮಾಸ್ಟರ್ಸ್ ಪದವಿ. “ಇದನ್ನು ಓದಿದರೆ ಆ ಪರೀಕ್ಷೆಗೆ ಕೂರಬಹುದೇನಪ್ಪ?” ಎಂದು ಕೇಳಿದೆ. “ಕೂರಬಹುದು ಅಂದುಕೊಂಡಿದೀನಿ ಸಾರ್” ಎಂದ. ತಂದೆ ನಡುವೆ ಬಾಯಿ ಹಾಕಿದರು: “ಎರಡೂ ಸ್ಪೋರ್ಟ್ಸೇ ಅಲ್ವಾ ಮೇಷ್ಟ್ರೇ? ಯಾವುದಾದರೇನು?”

‘ಅಂದುಕೊಂಡಿದ್ದೇನೆ’ ಎಂಬ ಮಾತಿನ ಮೇಲೆ ತೋಟವನ್ನು ಒತ್ತೆಯಿಡುವುದು ನನಗೆ ಸರಿದೋರಲಿಲ್ಲ. ಅಂದು ರಾತ್ರಿ ಮೂವರೂ ಕುಳಿತು ನಿಯಮಾವಳಿಗಳನ್ನು ಓದಿದೆವು. ಓದಿದಂತೆಲ್ಲ ಹುಡುಗನ ಮುಖ ಸಪ್ಪಗಾಯಿತು. ಆ ಪದವಿಯಿಂದ ಪರೀಕ್ಷೆಯ ಬಾಗಿಲು ತೆರೆಯುವಂತೆಯೇ ಇರಲಿಲ್ಲ. ವಿಶ್ವವಿದ್ಯಾಲಯದ್ದೇನೂ ತಪ್ಪಿಲ್ಲ, ಅದು ಹಾಗೆಂದು ಹೇಳಿಯೂ ಇರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬಿದ್ದು ನಮ್ಮವರೇ.

ಅಭ್ಯಾಸದಿಂದ ಶಾಸ್ತ್ರಕ್ಕೆ

ನಿಯಮ ಇಷ್ಟು ಬಿಗಿಯಾದುದೇಕೆಂದು ತಿಳಿಯಬೇಕಾದರೆ ಈ ವೃತ್ತಿಯ ಇತಿಹಾಸವನ್ನು ಸ್ವಲ್ಪ ನೋಡಬೇಕು. ಮೊದಮೊದಲು ಇದು ಕೈಯಿಂದ ಕೈಗೆ ಬಂದ ಕಸಬು. ಬಟ್ಟೆ ಸುತ್ತುವುದು, ಮೈ ತಿಕ್ಕುವುದು, ಐಸ್ ಇಡುವುದು, ಹಿರಿಯರು ಮಾಡಿದ್ದನ್ನು ನೋಡಿ ಕಿರಿಯರು ಕಲಿಯುತ್ತಿದ್ದರು. 1950ರಲ್ಲಿ ಇಂಥವರು ಕ್ಯಾನ್ಸಾಸ್ ಸಿಟಿ ನಗರದಲ್ಲಿ ಕೂಡಿ ‘ನ್ಯಾಷನಲ್ ಅಥ್ಲೆಟಿಕ್ ಟ್ರೈನರ್ಸ್ ಅಸೋಸಿಯೇಷನ್’ ಎಂಬ ಸಂಘವನ್ನು ಕಟ್ಟಿಕೊಂಡರು. ಸಂಘದ ಕಾರ್ಯದರ್ಶಿಯಾಗಿ ಬಹುಕಾಲ ದುಡಿದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ನ್ಯೂವೆಲ್ ಅವರು ‘ಪಿಂಕಿ’ ಎಂಬ ಅಕ್ಕರೆಯ ಹೆಸರಿನಿಂದ ಪ್ರಸಿದ್ಧರು. ಈ ವೃತ್ತಿಗೆ ಆಧುನಿಕ ರೂಪ ಕೊಟ್ಟವರೆಂದು ಅವರನ್ನು ಇಂದಿಗೂ ಸ್ಮರಿಸುತ್ತಾರೆ. 1959ರಲ್ಲಿ ಸಂಘವು ಮೊದಲ ಪಠ್ಯಕ್ರಮವನ್ನು ಅಂಗೀಕರಿಸಿತು. 1969ರಲ್ಲಿ ಕೆಲವು ಕಾಲೇಜುಗಳ ಶಿಕ್ಷಣಕ್ರಮಗಳಿಗೆ ಮನ್ನಣೆ ದೊರೆಯಿತು. 1970ರಲ್ಲಿ ಮೊದಲ ಅರ್ಹತಾ ಪರೀಕ್ಷೆ ನಡೆಯಿತು. 1971ರಲ್ಲಿ ಟೆಕ್ಸಾಸ್ ಸಂಸ್ಥಾನವು ಎಲ್ಲರಿಗಿಂತ ಮೊದಲು ಈ ವೃತ್ತಿಗೆ ಕಾನೂನಿನ ಪರವಾನಗಿಯನ್ನು ಏರ್ಪಡಿಸಿತು. 1990ರಲ್ಲಿ ಅಮೆರಿಕದ ವೈದ್ಯ ಸಂಘವು ಇದನ್ನು ವೈದ್ಯಕೀಯಕ್ಕೆ ಸಂಬಂಧಿಸಿದ ಆರೋಗ್ಯವೃತ್ತಿಯೆಂದು ಒಪ್ಪಿಕೊಂಡಿತು.

ಆದರೂ ಬಹುಕಾಲ ಒಂದು ಹಿತ್ತಿಲ ಬಾಗಿಲು ತೆರೆದೇ ಇತ್ತು. ನಿಗದಿಯಾದ ಕೆಲವು ಪಾಠಗಳನ್ನು ಓದಿ, ಅನುಭವಿಗಳ ಕೈಕೆಳಗೆ 1500 ಗಂಟೆ ದುಡಿದವರು ಪರೀಕ್ಷೆಗೆ ಕೂಡಬಹುದಾಗಿತ್ತು. 2004ರಲ್ಲಿ ಆ ಬಾಗಿಲನ್ನು ಮುಚ್ಚಿದರು. ಮಾನ್ಯತೆ ಪಡೆದ ಪದವಿಯೊಂದೇ ದಾರಿಯಾಯಿತು. ಆಗಲೂ ಅದು ನಾಲ್ಕು ವರ್ಷದ ಬ್ಯಾಚಲರ್ ಪದವಿಯೇ. 2015ರಲ್ಲಿ, ಇನ್ನು ಮುಂದೆ ಈ ವೃತ್ತಿಯ ಪ್ರವೇಶಕ್ಕೆ ಸ್ನಾತಕೋತ್ತರ ಪದವಿಯೇ ಬೇಕೆಂದು ತೀರ್ಮಾನವಾಯಿತು. ಅದರಂತೆ 2022ರ ಶರತ್ಕಾಲದ ಬಳಿಕ ಬ್ಯಾಚಲರ್ ತರಗತಿಗಳಿಗೆ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದು ನಿಂತಿತು. ಆದಕಾರಣ ಹತ್ತು ವರ್ಷಗಳ ಹಿಂದೆ ಹೋದ ಅಣ್ಣಂದಿರ ಸಲಹೆ ಇಂದಿನ ತಮ್ಮಂದಿರಿಗೆ ಉಪಯೋಗಕ್ಕೆ ಬಾರದು.

ಮೂರು ದಾರಿಗಳು

ಈಗಿರುವ ದಾರಿಗಳನ್ನು ಮೂರಾಗಿ ಹೇಳಬಹುದು.

ಮೊದಲನೆಯದು ರಾಜಮಾರ್ಗ. ಯಾವುದಾದರೂ ವಿಷಯದಲ್ಲಿ ಬ್ಯಾಚಲರ್ ಪದವಿ ಪಡೆದು, ಅನಂತರ ಸಾಮಾನ್ಯವಾಗಿ ಎರಡು ವರ್ಷದ ವೃತ್ತಿಪ್ರವೇಶದ ಮಾಸ್ಟರ್ಸ್ ಓದುವುದು. ಪದವಿ ಯಾವುದಾದರೂ ಆಗಬಹುದಾದರೂ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಮನಶ್ಶಾಸ್ತ್ರ, ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಇವುಗಳನ್ನು ಕಾಲೇಜು ಮಟ್ಟದಲ್ಲಿ ಓದಿರಬೇಕು. ನಮ್ಮವರು ಎಡವುವುದು ಇಲ್ಲಿಯೇ. ನಮ್ಮ ಪಿ.ಯು. ಶಿಕ್ಷಣ ಅವರ ಲೆಕ್ಕದಲ್ಲಿ ಹೈಸ್ಕೂಲಿಗೆ ಸಮ. ಪಿ.ಯು.ದಲ್ಲಿ ಭೌತಶಾಸ್ತ್ರದಲ್ಲಿ ನೂರಕ್ಕೆ ನೂರು ಬಂದಿದ್ದರೂ ಅದು ಅಲ್ಲಿ ಸಲ್ಲದೆ ಹೋಗಬಹುದು. ಬಿ.ಪಿ.ಟಿ.ಯಲ್ಲಿ ಓದಿದ್ದರಲ್ಲಿ ಯಾವುದು ಸಲ್ಲುತ್ತದೆ, ಯಾವುದನ್ನು ಮತ್ತೆ ಓದಬೇಕು ಎಂಬುದನ್ನು ಆಯಾ ವಿಶ್ವವಿದ್ಯಾಲಯದಿಂದ ಬರವಣಿಗೆಯಲ್ಲಿಯೇ ಕೇಳಿ ಪಡೆಯುವುದು ಕ್ಷೇಮ.

ಎರಡನೆಯದು ಅಡ್ಡದಾರಿಯಲ್ಲದಿದ್ದರೂ ಹತ್ತಿರದ ದಾರಿ. ಕೆಲವು ವಿಶ್ವವಿದ್ಯಾಲಯಗಳು ಮೂರು ವರ್ಷ ಬ್ಯಾಚಲರ್, ಎರಡು ವರ್ಷ ಮಾಸ್ಟರ್ಸ್ ಎಂದು ಐದು ವರ್ಷಗಳಲ್ಲಿ ಎರಡೂ ಪದವಿಗಳನ್ನು ಕೊಡುತ್ತವೆ. ಪಿ.ಯು. ಮುಗಿಸಿದೊಡನೆಯೇ ಅಮೆರಿಕಕ್ಕೆ ಹೋಗುವವರಿಗೆ ಇದರಿಂದ ಒಂದು ವರ್ಷದ ಉಳಿತಾಯ.

ಮೂರನೆಯದು ವೃತ್ತಿಯನ್ನು ಪ್ರವೇಶಿಸಿದ ಮೇಲಿನ ಓದು. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೆಲಸದಲ್ಲಿರುವವರು ಒಂದು ವರ್ಷವೋ ಹೆಚ್ಚೋ ಆಸ್ಪತ್ರೆಗಳಲ್ಲಿ ‘ರೆಸಿಡೆನ್ಸಿ’ ಮಾಡಿ ಯಾವುದಾದರೊಂದು ವಿಭಾಗದಲ್ಲಿ ಪರಿಣತಿ ಪಡೆಯಬಹುದು; ‘ಡಾಕ್ಟರ್ ಆಫ್ ಅಥ್ಲೆಟಿಕ್ ಟ್ರೈನಿಂಗ್’ ಪದವಿಗೆ ಸೇರಬಹುದು; ಅಧ್ಯಾಪಕರಾಗಬಯಸುವವರು ಪಿಎಚ್.ಡಿ. ಮಾಡಬಹುದು. ಇವು ಬಹುಮಟ್ಟಿಗೆ ಈಗಾಗಲೇ ಒಳಗಿರುವವರಿಗಾಗಿ ಏರ್ಪಟ್ಟವು. ಹೊಸಬರು ತಿಳಿಯದೆ ಇಂಥ ಪದವಿಗೆ ಅರ್ಜಿ ಹಾಕಿದರೆ ಅದು ಮನೆಯೊಳಗೆ ಬರುವ ಮೊದಲೇ ಮಹಡಿ ಹತ್ತಲು ಹೊರಟಂತೆ.

ಹಾಗಾದರೆ ಗುರುತೇನು? ಪದವಿಯ ಹೆಸರಲ್ಲ. ಒಂದೆಡೆ ‘ಮಾಸ್ಟರ್ ಆಫ್ ಅಥ್ಲೆಟಿಕ್ ಟ್ರೈನಿಂಗ್’ ಎಂದಿರಬಹುದು, ಇನ್ನೊಂದೆಡೆ ‘ಮಾಸ್ಟರ್ ಆಫ್ ಸೈನ್ಸ್’ ಎಂದಿರಬಹುದು. ನೋಡಬೇಕಾದುದು ಒಂದೇ ಒಂದು ಮುದ್ರೆ. ಅಥ್ಲೆಟಿಕ್ ಟ್ರೈನಿಂಗ್ ಶಿಕ್ಷಣಕ್ಕೆ ಮಾನ್ಯತೆ ಕೊಡಲು ಅಲ್ಲೊಂದು ಆಯೋಗವಿದೆ. ಸಂಕ್ಷೇಪವಾಗಿ ಅದನ್ನು ‘ಕೇಟ್’ ಎನ್ನುತ್ತಾರೆ. ವೃತ್ತಿಪ್ರವೇಶದ ಶಿಕ್ಷಣಕ್ರಮವೆಂದು ಕೇಟ್‌ನ ಪಟ್ಟಿಯಲ್ಲಿ ಅದರ ಹೆಸರಿರಬೇಕು. ಅಲ್ಲಿನ ವಿದ್ಯಾರ್ಥಿಗಳು ಮೊದಲ ಯತ್ನದಲ್ಲಿಯೇ ಎಷ್ಟು ಮಂದಿ ತೇರ್ಗಡೆಯಾದರೆಂಬುದನ್ನು ಪ್ರತಿಯೊಂದು ವಿಶ್ವವಿದ್ಯಾಲಯವೂ ಬಹಿರಂಗವಾಗಿ ಪ್ರಕಟಿಸಬೇಕು. ಮೂರು ವರ್ಷಗಳ ಒಟ್ಟು ಲೆಕ್ಕದಲ್ಲಿ ಅದು ಶೇಕಡ 70ಕ್ಕೆ ಕಡಮೆಯಾಗಬಾರದೆಂಬುದು ಆಯೋಗದ ಕಟ್ಟಳೆ. ಬಣ್ಣದ ಪುಸ್ತಿಕೆಯಲ್ಲಿನ ಚಿತ್ರಗಳಿಗಿಂತ ಈ ಒಂದು ಅಂಕಿ ಹೆಚ್ಚು ಸತ್ಯ ಹೇಳುತ್ತದೆ.

ಎರಡು ವರ್ಷಗಳಲ್ಲಿ ಕಲಿಯುವುದೇನು?

ತರಗತಿಯ ಪಾಠಕ್ಕಿಂತ ಮೈದಾನದ ಪಾಠ ಇಲ್ಲಿ ಕಡಮೆಯದಲ್ಲ. ವಿದ್ಯಾರ್ಥಿಗಳು ಕಾಲೇಜು ತಂಡಗಳಲ್ಲಿ, ಹೈಸ್ಕೂಲುಗಳಲ್ಲಿ, ಚಿಕಿತ್ಸಾಲಯಗಳಲ್ಲಿ ಗುರುಗಳ ಕಣ್ಗಾವಲಿನಲ್ಲಿ ಕೆಲಸ ಮಾಡುತ್ತಾರೆ. ಒಮ್ಮೆಯಾದರೂ ಕನಿಷ್ಠ ನಾಲ್ಕು ವಾರ, ಬೇರೆ ಯಾವ ಪಾಠವೂ ಅಡ್ಡಬರದಂತೆ, ಪೂರ್ಣಾವಧಿ ಕೆಲಸದಲ್ಲಿಯೇ ಮುಳುಗಿರಬೇಕೆಂಬ ನಿಯಮವುಂಟು.

ಒಂದು ದೃಷ್ಟಾಂತ ಕೊಡುತ್ತೇನೆ. 2001ರ ಬೇಸಗೆಯಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ಎಂಬ ಬಲಾಢ್ಯ ಆಟಗಾರ ಬಿಸಿಲಿನಲ್ಲಿ ಅಭ್ಯಾಸ ಮಾಡಿ ಕುಸಿದ. ಆಗಸ್ಟ್ 1ರಂದು ತೀರಿಕೊಂಡ. ದೇಹದ ಒಳಗಿನ ಉಷ್ಣ ಮಿತಿಮೀರಿದ್ದೇ ಕಾರಣ. ಇಂಥ ಉಷ್ಣಾಘಾತದಲ್ಲಿ ಒಳಗಿನ ಉಷ್ಣತೆ 104 ಡಿಗ್ರಿ ಫ್ಯಾರನ್‌ಹೀಟನ್ನು ದಾಟಿರುತ್ತದೆ. ಹಣೆ ಮುಟ್ಟಿ ನೋಡಿದರೆ, ಬಾಯಲ್ಲಿ ಉಷ್ಣಮಾಪಕವಿಟ್ಟರೆ ಅದು ಸರಿಯಾಗಿ ತಿಳಿಯದು. ಗುದದ್ವಾರದ ಮೂಲಕವೇ ಅಳೆಯಬೇಕು. ಅಳೆದ ಮೇಲೆ ಕೂಡಲೇ ಆಟಗಾರನನ್ನು ಮಂಜುಗಡ್ಡೆ ಬೆರೆಸಿದ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಕುಸಿದ ಅರ್ಧ ಗಂಟೆಯೊಳಗೆ ಉಷ್ಣತೆ ಇಳಿದರೆ ಪ್ರಾಣ ಉಳಿಯುತ್ತದೆ. ‘ಮೊದಲು ತಂಪು, ಬಳಿಕ ಆಸ್ಪತ್ರೆ’ ಎಂಬುದು ಇಂದಿನ ಸೂತ್ರ. ಗಾಬರಿಗೊಂಡ ಜನರ ಸಹಜ ಬುದ್ಧಿ ಇದಕ್ಕೆ ವಿರುದ್ಧವಾದುದು. ಅವರು ಮೊದಲು ವಾಹನ ಹುಡುಕುತ್ತಾರೆ. ಸಹಜ ಬುದ್ಧಿಯನ್ನು ತಡೆದು ಸರಿಯಾದುದನ್ನು ಮಾಡಿಸುವುದೇ ಶಿಕ್ಷಣ. ಸ್ಟ್ರಿಂಗರನ ಹೆಸರಿನ ಸಂಸ್ಥೆಯೊಂದು 2010ರಿಂದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿದ್ದು, ಇದೇ ವಿಷಯದಲ್ಲಿ ಕೆಲಸ ಮಾಡುತ್ತಿದೆ.

ಓದು ಮುಗಿಯುವ ಹೊತ್ತಿಗೆ ‘ಬೋರ್ಡ್ ಆಫ್ ಸರ್ಟಿಫಿಕೇಷನ್’ ನಡೆಸುವ ಪರೀಕ್ಷೆ ಬರುತ್ತದೆ: ನಾಲ್ಕು ಗಂಟೆಯ ಅವಧಿ, 175 ಪ್ರಶ್ನೆಗಳು. ಅಪಾಯ ತಗ್ಗಿಸುವಿಕೆ, ಪರೀಕ್ಷೆ ಮತ್ತು ನಿರ್ಣಯ, ತುರ್ತು ಸಂದರ್ಭ, ಚಿಕಿತ್ಸೆ, ಆಡಳಿತ ಮತ್ತು ವೃತ್ತಿಧರ್ಮ ಎಂಬ ಐದು ವಿಭಾಗಗಳ ಮೇಲೆ ಪ್ರಶ್ನೆಗಳಿರುತ್ತವೆ. ಗೆದ್ದವರು ಅನಂತರ ತಾವು ಕೆಲಸ ಮಾಡುವ ಸಂಸ್ಥಾನದ ಪರವಾನಗಿಯನ್ನೂ ಪಡೆಯಬೇಕು. ಅಲ್ಲಿಗೂ ಮುಗಿಯಲಿಲ್ಲ. ಎರಡೆರಡು ವರ್ಷಕ್ಕೊಮ್ಮೆ 50 ಅಂಕದಷ್ಟು ಹೊಸ ಓದನ್ನು ತೋರಿಸದಿದ್ದರೆ ಅರ್ಹತಾಪತ್ರ ಉಳಿಯದು.

ಖರ್ಚು, ಸಂಬಳ ಮತ್ತು ಒಂದು ವಾದ

ಪ್ರವೇಶಕ್ಕೇ ಮಾಸ್ಟರ್ಸ್ ಬೇಕೆಂದದ್ದು ಎಲ್ಲರಿಗೂ ಒಪ್ಪಿಗೆಯಾಯಿತೆಂದು ತಿಳಿಯಬೇಡಿ. ವೃತ್ತಿಯಲ್ಲಿದ್ದವರಲ್ಲಿ ಹೆಚ್ಚಿನವರು ಮೊದಲೇ ಮಾಸ್ಟರ್ಸ್ ಮಾಡಿದವರು, ಜವಾಬ್ದಾರಿ ವೈದ್ಯಕೀಯಕ್ಕೆ ಸಮೀಪವಾದಮೇಲೆ ಓದೂ ಅದಕ್ಕೆ ತಕ್ಕಂತಿರಬೇಕು ಎಂಬುದು ಒಂದು ಪಕ್ಷ. ಓದಿನ ವೆಚ್ಚ ಏರಿತೇ ಹೊರತು ಸಂಬಳ ಅಷ್ಟೇ ಏರಲಿಲ್ಲ ಎಂಬುದು ಇನ್ನೊಂದು ಪಕ್ಷ. ಸರ್ಕಾರದ ಲೆಕ್ಕದಂತೆ 2023ರ ಮೇ ತಿಂಗಳಲ್ಲಿ ಅಥ್ಲೆಟಿಕ್ ಟ್ರೈನರುಗಳ ಮಧ್ಯಮ ವಾರ್ಷಿಕ ಸಂಬಳ ಸುಮಾರು 58 ಸಾವಿರ ಡಾಲರು. ರೂಪಾಯಿಗೆ ತಿರುಗಿಸಿದರೆ ನಮ್ಮ ಕಣ್ಣು ಅರಳೀತು. ಆದರೆ ಖರ್ಚೂ ಡಾಲರಿನಲ್ಲಿಯೇ ಆಗುವುದೆಂಬುದನ್ನು ಮರೆಯಬಾರದು. ಹಿಂದೆ ಬ್ಯಾಚಲರ್ ಮುಗಿಸಿ ಪರೀಕ್ಷೆ ಗೆದ್ದವರು ಕಾಲೇಜು ತಂಡದಲ್ಲಿ ದುಡಿಯುತ್ತ, ಶುಲ್ಕದ ರಿಯಾಯಿತಿ ಪಡೆದು ಮಾಸ್ಟರ್ಸ್ ಓದುತ್ತಿದ್ದರು. ಇಂದು ಅರ್ಹತೆ ಬರುವುದೇ ಮಾಸ್ಟರ್ಸ್ ಮುಗಿಯುವಾಗಲಾದ್ದರಿಂದ ಆ ಅನುಕೂಲ ಹೊಸಬರಿಗೆ ದೊರೆಯುವುದು ಕಷ್ಟ. ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕೆಂಬ ನಮ್ಮ ಹಿರಿಯರ ಮಾತು ಅಮೆರಿಕದಲ್ಲಿಯೂ ಸುಳ್ಳಲ್ಲ.

ಇನ್ನೊಂದು ಮಾತು. ಓದಿ ತಾಯ್ನಾಡಿಗೆ ಮರಳುವ ಇಚ್ಛೆಯುಳ್ಳವರು ಮೊದಲೇ ಯೋಚಿಸಬೇಕು. ನಮ್ಮ ದೇಶದಲ್ಲಿ ಈ ಕೆಲಸದ ಬಹುಭಾಗವನ್ನು ನಿರ್ವಹಿಸುವವರು ಫಿಸಿಯೊಥೆರಪಿಸ್ಟರೇ. ಆರೋಗ್ಯವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರದ ಕಾನೂನಿನಲ್ಲಿ ಅವರ ವೃತ್ತಿಗೆ ಸ್ಥಾನವುಂಟು. ಕರ್ನಾಟಕದಲ್ಲಿಯೇ ಕ್ರೀಡಾ ಫಿಸಿಯೊಥೆರಪಿಯಲ್ಲಿ ಎಂ.ಪಿ.ಟಿ. ಓದುವ ಅವಕಾಶವಿದೆ. ಇಲ್ಲಿಯೇ ಆಟಗಾರರ ಸೇವೆ ಮಾಡುವುದು ಗುರಿಯಾದರೆ ಕಡಲು ದಾಟಲೇಬೇಕೆಂದಿಲ್ಲ. ಅಮೆರಿಕದಲ್ಲಿ ಆ ಹೆಸರಿನಿಂದಲೇ ಕೆಲಸ ಮಾಡುವುದು ಗುರಿಯಾದರೆ ಬೇರೆ ದಾರಿಯೂ ಇಲ್ಲ, ನಮ್ಮ ಬಿ.ಪಿ.ಟಿ. ಪದವಿಯೊಂದರಿಂದಲೇ ಆ ಪರೀಕ್ಷೆಗೆ ಕೂರಲಾಗದು.

ಕೊನೆಗೆ

ನನ್ನ ಶಿಷ್ಯನ ವಿಷಯ ಹೇಳಿ ಮುಗಿಸುತ್ತೇನೆ. ಅಂದು ರಾತ್ರಿ ನಾನು ಶಿಫಾರಸು ಪತ್ರ ಬರೆಯಲಿಲ್ಲ. ಮೇಜಿನ ಮೇಲಿದ್ದ ಎರಡು ಕಾಗದಗಳನ್ನು ಅವನ ತಂದೆ ಮಡಿಸಿ ಜೇಬಿಗಿಟ್ಟುಕೊಂಡರು. “ಒಂದು ವರ್ಷ ಹೋದರೆ ಹೋಗಲಿ ಮೇಷ್ಟ್ರೇ, ತೋಟ ಉಳೀತು” ಎಂದರು. ಹುಡುಗ ಮಾತಾಡಲಿಲ್ಲ. ಅವನ ಪಾಲಿಗೆ ಆ ವರ್ಷ ಅಷ್ಟು ಸುಲಭವಾಗಿ ಕೈಬಿಡುವಂಥದಾಗಿರಲಿಲ್ಲವೆಂದು ನನಗೆ ತಿಳಿಯದೆ ಇರಲಿಲ್ಲ.

ಒಂದು ವಾರದ ಮೇಲೆ ಬಂದ. ಊರ ಚಿಕಿತ್ಸಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಸಂಜೆಯ ಹೊತ್ತು ಕಾಲೇಜಿನ ಕಬಡ್ಡಿ ಹುಡುಗರ ಮಂಡಿ, ಕಣಕಾಲುಗಳನ್ನು ನೋಡಿಕೊಳ್ಳುತ್ತಿದ್ದ. ಮಾನ್ಯತೆಯಿರುವ ಮೂರು ಶಿಕ್ಷಣಕ್ರಮಗಳನ್ನು ಪಟ್ಟಿಯಿಂದ ಆರಿಸಿ, ತಾನು ಓದಿದ್ದರಲ್ಲಿ ಯಾವುದು ಸಲ್ಲುತ್ತದೆಂದು ಪತ್ರ ಬರೆದಿದ್ದ. ಒಂದೆಡೆಯಿಂದ ಉತ್ತರವೂ ಬಂದಿತ್ತು: ಭೌತಶಾಸ್ತ್ರವನ್ನು ಮತ್ತೆ ಓದಬೇಕು. “ಓದ್ತೀನಿ ಸಾರ್” ಎಂದ. ಈ ಸಲ ‘ಅಂದುಕೊಂಡಿದೀನಿ’ ಎನ್ನಲಿಲ್ಲ.

ಸಿನ್ಸಿನಾಟಿಯ ಮೈದಾನದಲ್ಲಿ ಆ ರಾತ್ರಿ ಕೆಲ್ಲಿಂಗ್ಟನ್ ಅವರಿಗೆ ಪುಸ್ತಕ ತೆರೆದು ನೋಡಲು ಸಮಯವಿರಲಿಲ್ಲ. ಓದಬೇಕಾದುದನ್ನು ಓದಿ, ಕೈಗೆ ಅಭ್ಯಾಸವಾಗುವಷ್ಟು ಮಾಡಿ, ಅವರು ಬಹುಕಾಲದಿಂದ ಮೈದಾನದ ಅಂಚಿನಲ್ಲಿ ಕಾದು ನಿಂತಿದ್ದರು. ನಮ್ಮ ಹುಡುಗನೂ ಒಂದು ದಿನ ಹಾಗೆ ನಿಲ್ಲುವಂತಾಗಲಿ; ಅವನು ಓಡಬೇಕಾದ ಸಂದರ್ಭ ಮಾತ್ರ ಯಾರಿಗೂ ಬಾರದಿರಲಿ.